ಹೊಳಪೆಂಬ ಹೊಸ ತುಕ್ಕು

ಹಳೆಯ ಕ್ಷೌರದ ಕತ್ತಿಗಳನ್ನು ಕನ್ನಡಿಯ ಹಾಗೆ ಹೊಳೆಯಿಸಿ, ಅದಕ್ಕೆ ‘ರಿಸ್ಟೋರೇಷನ್’ ಎಂದು ಹೆಸರಿಟ್ಟು ಮಾರುವವರ ಮೇಲೆ ನನಗೆ ಸಿಟ್ಟಿದೆ. ಕೊಳ್ಳುವವರ ಮೇಲೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಇದೆ. ಮಾರುವವನಿಗೆ ಹೊಟ್ಟೆಪಾಡಿನ ನೆಪವಾದರೂ ಉಂಟು. ಕೊಳ್ಳುವವನಿಗೆ ನೂರೈವತ್ತು ವರ್ಷ ಹಳೆಯದಾದ ವಸ್ತು ಬೇಕು, ಆದರೆ ಅದು ನಿನ್ನೆ ಸಂಜೆ ಕಾರ್ಖಾನೆಯಿಂದ ಹೊರಬಿದ್ದಂತೆಯೂ ಕಾಣಬೇಕು. ಹಳೆಯದರ ಹೆಮ್ಮೆ ಬೇಕು, ಹಳೆಯದರ ಗುರುತು ಬೇಡ. ಈ ಆಸೆಯನ್ನು ತೀರಿಸಲು ಒಂದು ಯಂತ್ರವಿದೆ. ಬಟ್ಟೆಯ ಬಿಲ್ಲೆಗೆ ಪಾಲಿಶಿನ ಮೇಣ ಮೆತ್ತಿ ಗರಗರ ತಿರುಗಿಸುವ ಬಫಿಂಗ್ ಚಕ್ರ. ಅರ್ಧ ಗಂಟೆಯಲ್ಲಿ ಎಂಥ ಕತ್ತಿಯನ್ನಾದರೂ ಅದು ಬೆಳ್ಳಗೆ ಮಾಡಿಕೊಡುತ್ತದೆ.

ನಾನು ಹೇಳುತ್ತಿರುವುದು ಮಡಚುವ ಕತ್ತಿಯ ಬಗ್ಗೆ. ಈಗ ಸಲೂನುಗಳಲ್ಲಿ ಅರ್ಧ ಬ್ಲೇಡು ಸಿಕ್ಕಿಸಿ ಬಳಸುತ್ತಾರಲ್ಲ, ಅದಲ್ಲ. ಅದು ಎಚ್‌ಐವಿಯ ಭಯ ಊರೂರಿಗೆ ಹಬ್ಬಿದ ಮೇಲೆ ಬಳಕೆಗೆ ಬಂದದ್ದು, ಬಂದದ್ದು ಒಳ್ಳೆಯದೇ ಆಯಿತು. ನನ್ನ ಮಾತು ಅದಕ್ಕೂ ಹಿಂದಿನದರ ಕುರಿತು: ಅಂಗೈ ಉದ್ದದ ಉಕ್ಕಿನ ಅಲಗು, ದಪ್ಪ ಬೆನ್ನು, ಬೆರಳಿಡಲು ಒಂದು ಬಾಲ, ಅಲಗು ಮಡಚಿಕೊಂಡು ಒಳಗೆ ಕೂರಲು ಎರಡು ಹೋಳಿನ ಹಿಡಿ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗನ್, ಫ್ರಾನ್ಸಿನ ತಿಯೇರ್, ಸ್ವೀಡನ್ನಿನ ಎಸ್ಕಿಲ್‌ಸ್ಟೂನಾ ಎಂಬ ನಾಲ್ಕು ಊರುಗಳ ಹೆಸರು ಈ ಕತ್ತಿಗಳ ಮೇಲೆ ಮತ್ತೆ ಮತ್ತೆ ಕಾಣುತ್ತದೆ. ಹತ್ತು ಹನ್ನೆರಡು ವರ್ಷಗಳಿಂದ ನಾನು ಇವುಗಳ ಹಿಂದೆ ಬಿದ್ದಿದ್ದೇನೆ. ದಿನಾ ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವುದೂ ಇದರಲ್ಲೇ. ಹಾಗಾಗಿ ಇದು ಗಾಜಿನ ಕಪಾಟಿನ ಮುಂದೆ ನಿಂತವನ ಮಾತಲ್ಲ.

ಮಾರುಕಟ್ಟೆಯಲ್ಲಿ ಹಳೆಯ ಕತ್ತಿಗೆ ಬೆಲೆ ಕಟ್ಟುವ ಕ್ರಮ ಹೀಗಿದೆ: ಮೊದಲು ಹೊಳಪು, ಆಮೇಲೆ ಕಂಪನಿಯ ಹೆಸರು, ಆಮೇಲೆ ಹಿಡಿ, ಮೂಲ ಡಬ್ಬಿಯೂ ಇದ್ದರೆ ಕೇಳುವುದೇ ಬೇಡ. (ಹಿಡಿ ದಂತದ್ದು ಎಂದು ಯಾರಾದರೂ ಆಸೆ ತೋರಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನೆನಪಿಸಿ ಕಳಿಸಿಬಿಡಿ.) ಕತ್ತಿ ಕತ್ತರಿಸುತ್ತದೆಯೇ ಎಂಬ ಪ್ರಶ್ನೆ ಈ ಪಟ್ಟಿಯಲ್ಲಿ ಬರುವುದೇ ಇಲ್ಲ. ವೀಣೆ ಕೊಳ್ಳಲು ಹೋದವನು ತಂತಿ ಮೀಟದೆ ಬರೀ ವಾರ್ನಿಷ್ ನೋಡಿ ಬಂದ ಹಾಗೆ.

ನಿಜವಾಗಿ ನೋಡಬೇಕಾದ್ದು ಬೆನ್ನನ್ನು. ಈ ಕತ್ತಿಯನ್ನು ಮಸೆಯುವಾಗ ಅಲಗನ್ನು ಓರೆಯಾಗಿ ಎತ್ತಿ ಹಿಡಿಯುವುದಿಲ್ಲ. ಬೆನ್ನು ಮತ್ತು ಬಾಯಿ ಎರಡನ್ನೂ ಒಟ್ಟಿಗೆ ಕಲ್ಲಿಗೆ ತಾಗಿಸಿ ಎಳೆಯುತ್ತಾರೆ. ಅಂದರೆ ಯಾವ ಕೋನದಲ್ಲಿ ಮಸೆಯಬೇಕು ಎಂಬುದನ್ನು ಕತ್ತಿಯ ಬೆನ್ನೇ ನಿರ್ಧರಿಸುತ್ತದೆ. ಅಲಗಿನ ಅಗಲ 16 ಮಿಲಿಮೀಟರ್, ಬೆನ್ನಿನ ದಪ್ಪ ನಾಲ್ಕೂವರೆ ಮಿಲಿಮೀಟರ್ ಇದ್ದರೆ ಬಾಯಿಯ ಕೋನ ಸುಮಾರು 16 ಡಿಗ್ರಿ. ಗಡ್ಡಕ್ಕೆ ಹೇಳಿ ಮಾಡಿಸಿದ ಕೋನ. ಇನ್ನೂ ಸೊಗಸಿನ ಸಂಗತಿಯೆಂದರೆ, ವರ್ಷಗಟ್ಟಲೆ ಮಸೆದಾಗ ಬಾಯಿ ಸವೆದಂತೆ ಬೆನ್ನೂ ಸವೆಯುತ್ತದೆ. ಅಲಗು ಕಿರಿದಾಗುತ್ತ ಹೋದರೂ ಕೋನ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ಕಟ್ಟಿಗೆ ಕಡಿಯುವ ಕೊಡಲಿಗೆ, ತರಕಾರಿ ಹೆಚ್ಚುವ ಈಳಿಗೆಮಣೆಗೆ ಈ ಭಾಗ್ಯವಿಲ್ಲ. ಸಾಯುವತನಕ ತನ್ನ ಅಳತೆಯನ್ನು ತಾನೇ ಕಾಯ್ದುಕೊಳ್ಳುವ ಇಂಥ ಉಪಕರಣ ನನಗೆ ಬೇರೆ ಗೊತ್ತಿಲ್ಲ.

ಹಾಗಾಗಿ ನನ್ನ ಕೈಗೆ ಒಂದು ಕತ್ತಿ ಬಂದರೆ ಮೊದಲು ಅದನ್ನು ಬೆಳಕಿಗೆ ಹಿಡಿದು ಬಾಯಿಯ ಉದ್ದಕ್ಕೂ ನೋಡುತ್ತೇನೆ. ಕೂದಲೆಳೆಯ ಬಿರುಕು ಇದ್ದರೆ ಅಲ್ಲಿಗೆ ಮುಗಿಯಿತು, ಎಂಥ ಹೆಸರಿದ್ದರೂ ಅದು ಕೆನ್ನೆಗೆ ತಾಗಬಾರದು. ಆಮೇಲೆ ಬಾಯಿಯ ಹತ್ತಿರ ಕಪ್ಪು ಚುಕ್ಕೆಗಳಿವೆಯೇ ಎಂದು ಭೂತಗನ್ನಡಿಯಲ್ಲಿ ಹುಡುಕುತ್ತೇನೆ. ಅಲಗಿನ ನಡುವೆ ತುಕ್ಕಿನ ಗುಳಿ ಎಷ್ಟಿದ್ದರೂ ನನಗೆ ತಕರಾರಿಲ್ಲ. ಬಾಯಿಯ ಅಂಚಿನಲ್ಲಿ ಒಂದೇ ಒಂದು ಆಳದ ಗುಳಿ ಇದ್ದರೂ ಮಸೆದಾಗ ಅಲ್ಲೇ ಚೂರು ಉದುರುತ್ತದೆ. ಗಾಜಿನ ಮೇಲೆ ಮಲಗಿಸಿ ತಿರುಚಿಕೊಂಡಿದೆಯೇ ನೋಡುತ್ತೇನೆ. ಬೆನ್ನಿನ ಎರಡೂ ಬದಿಯ ಸವೆತ ಒಂದೇ ಸಮ ಇದೆಯೇ, ಬಾಯಿ ನೇರವಾಗಿದೆಯೇ, ನಡುವೆ ಒಳಕ್ಕೆ ಬಾಗಿದೆಯೇ ಎಂದು ನೋಡುತ್ತೇನೆ. ತುಕ್ಕಿನ ಬಣ್ಣ ನೋಡುವುದು ಕೊನೆಗೆ. ಕೆಂಪು ತುಕ್ಕು ಬದುಕಿರುವ ರೋಗ, ತಿನ್ನುತ್ತಲೇ ಇರುತ್ತದೆ, ಅದನ್ನು ತೆಗೆಯಲೇಬೇಕು. ಕಪ್ಪು, ಬೂದು ಬಣ್ಣದ ಪದರ ಹಾಗಲ್ಲ. ಅದು ಉಕ್ಕು ತನ್ನ ಮೇಲೆ ತಾನೇ ಹೊದ್ದುಕೊಂಡ ಕಂಬಳಿ. ಅದರ ಕೆಳಗೆ ಉಕ್ಕು ಕ್ಷೇಮವಾಗಿರುತ್ತದೆ.

ಬಫಿಂಗ್ ಚಕ್ರಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ. ಅದು ಕೆಂಪನ್ನೂ ಕಪ್ಪನ್ನೂ ಒಟ್ಟಿಗೆ ಕಿತ್ತುಹಾಕುತ್ತದೆ, ಜೊತೆಗೆ ಕೆಳಗಿನ ಉಕ್ಕನ್ನೂ. ಗುಳಿಗಳು ಮಾಯವಾಗುವುದು ಎಂದರೆ ಗುಳಿಯ ತಳದವರೆಗೂ ಸುತ್ತಲಿನ ಲೋಹ ಹೋಯಿತು ಎಂದೇ ಅರ್ಥ. ಬೇರೆ ದಾರಿಯಿಲ್ಲ, ಗುಳಿಯನ್ನು ತುಂಬಲು ಬರುವುದಿಲ್ಲ. ಬೆನ್ನಿನ ಚೂಪಾದ ಅಂಚುಗಳು ಸೋಪಿನ ಬಿಲ್ಲೆಯ ಹಾಗೆ ದುಂಡಗಾಗುತ್ತವೆ. ಬೆನ್ನು ಅರ್ಧ ಮಿಲಿಮೀಟರ್ ತೆಳುವಾದರೆ ನಾನು ಮೇಲೆ ಹೇಳಿದ 16 ಡಿಗ್ರಿ 14ರ ಆಸುಪಾಸಿಗೆ ಇಳಿಯುತ್ತದೆ, ಬಾಯಿ ನಿಲ್ಲುವುದಿಲ್ಲ.

ಇದು ಕಣ್ಣಿಗೆ ಕಾಣುವ ಹಾನಿ. ಕಾಣದ್ದು ಇನ್ನೂ ಕೆಟ್ಟದ್ದು. ಕ್ಷೌರದ ಕತ್ತಿಯ ಬಾಯಿ ಕಾಗದಕ್ಕಿಂತ ತೆಳು. ತಿರುಗುವ ಚಕ್ರಕ್ಕೆ ಒಂದೆರಡು ಸೆಕೆಂಡು ಹೆಚ್ಚು ಒತ್ತಿದರೆ ಅಲ್ಲಿ ಬಿಸಿ ಏರುತ್ತದೆ. 200 ಡಿಗ್ರಿ ದಾಟಿದರೆ ಒಣಹುಲ್ಲಿನ ಹಳದಿ, 300ರ ಹತ್ತಿರ ಬಂದರೆ ನವಿಲುನೀಲಿ. ಕಮ್ಮಾರರಿಗೆ ಈ ಬಣ್ಣಗಳು ಅಕ್ಷರಮಾಲೆಯಷ್ಟೇ ಪರಿಚಿತ. ಆ ನೀಲಿ ಕಂಡಿತೆಂದರೆ ಉಕ್ಕಿನ ಹದ ಹೋಯಿತು, ಇನ್ನು ಅದು ಹರಿತವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಆದರೆ ನೀಲಿ ಬಣ್ಣವನ್ನು ಅದೇ ಚಕ್ರ, ಅದೇ ಮೇಣ ಮರುಕ್ಷಣದಲ್ಲೇ ಒರೆಸಿಹಾಕುತ್ತದೆ. ಕೊಲೆ ಮಾಡಿದ ಕೈಯೇ ರಕ್ತದ ಕಲೆಯನ್ನೂ ತೊಳೆದಿಡುತ್ತದೆ. ನಿಮ್ಮ ಕೈಗೆ ಸಿಗುವುದು ಕನ್ನಡಿ.

ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ಇಂಥದ್ದೊಂದನ್ನು ಪರೀಕ್ಷೆಗೆಂದೇ ಕೊಂಡೆ. ಅಂಗಡಿಯವನ ಹೆಸರು ಬೇಡ. ಮೂರು ಸಾವಿರ ಹೇಳಿ ಎರಡಕ್ಕೆ ಇಳಿದ. ಕಲ್ಲಿನ ಮೇಲೆ ಎಳೆದರೆ ಬೆಣ್ಣೆಯ ಹಾಗೆ ಸಾಗಿತು, ಹರಿತವೂ ಬಂತು. ಚರ್ಮದ ಪಟ್ಟಿಯ ಮೇಲೆ ಹತ್ತು ಸಲ ಹಿಂದೆ ಮುಂದೆ ಎಳೆಯುವಷ್ಟರಲ್ಲಿ ಬಾಯಿ ಮಡಚಿಕೊಂಡಿತ್ತು. ಅದರ ಜೊತೆಗೆ ಆತ ಕೊಸರಾಗಿ ಇನ್ನೊಂದು ಕತ್ತಿ ಕೊಟ್ಟಿದ್ದ, ತೆಂಗಿನ ಗರಿಯ ಕಡ್ಡಿಯಷ್ಟು ಸವೆದದ್ದು, ಕರಿ ಹಿಡಿದದ್ದು. ‘ಇದನ್ನ ಸುಮ್ನೆ ಇಟ್ಕಳಿ ಸಾರ್, ಯಾರೂ ಕೇಳಲ್ಲ’ ಅಂದ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಸಂಗತಿ ಬೇರೆ ರೂಪದಲ್ಲಿ ಗೊತ್ತಿರಬೇಕು. ಓಲೆಗರಿಯಲ್ಲಿ ಅರ್ಥವಾಗದ ಪಾಠ ಕಂಡಾಗ, ಸಂಪಾದಕ ತನಗೆ ಗೊತ್ತಿರುವ ಸುಲಭದ ಪದ ತುಂಬಿ ಸಾಲನ್ನು ನಯ ಮಾಡಿದರೆ ಏನಾಗುತ್ತದೆ? ಓದಲು ಹಿತವಾಗಿರುತ್ತದೆ, ಆದರೆ ಕವಿ ಬರೆದದ್ದು ಅದಲ್ಲ. ಡಿ.ಎಲ್. ನರಸಿಂಹಾಚಾರ್ಯರು ಗ್ರಂಥ ಸಂಪಾದನೆಯ ಮೇಲೆ ಒಂದು ಇಡೀ ಪುಸ್ತಕ ಬರೆಯಬೇಕಾಯಿತಲ್ಲ, ಅದು ಇಂಥ ಕೈಚಳಕಕ್ಕೆ ಕಡಿವಾಣ ಹಾಕುವ ಶಾಸ್ತ್ರವೂ ಹೌದು. ಕತ್ತಿಯ ಮೇಲೂ ಪಾಠವಿದೆ. ಕಂಪನಿಯ ಮುದ್ರೆ ಇರುವ ಕುತ್ತಿಗೆಯ ಭಾಗವನ್ನು ನೋಡಿ. ದೇಶದ ಹೆಸರು, ‘ಇಂಗ್ಲೆಂಡ್’ ಅಥವಾ ‘ಜರ್ಮನಿ’, ಕೊರೆದಿದ್ದರೆ ಅದು ಬಹುಮಟ್ಟಿಗೆ 1891ರ ಈಚಿನದು. ಅಮೆರಿಕದ 1890ರ ಮೆಕಿನ್ಲೀ ಸುಂಕದ ಕಾಯ್ದೆ ಆಮದು ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಎಂದು ವಿಧಿಸಿದ್ದರಿಂದ ಆದ ಬದಲಾವಣೆ. ಕಿರೀಟದ ಜೊತೆ ‘ವಿ.ಆರ್.’ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ. ಹಾಗೆಂದು ಮುದ್ರೆಯನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಜರ್ಮನಿಯಲ್ಲಿ ತಯಾರಾದ ಅಲಗುಗಳ ಮೇಲೆ ‘ಶೆಫೀಲ್ಡ್’ ಎಂದು ಹೊಡೆದು ಮಾರುತ್ತಿದ್ದರು. ಆ ಗಲಾಟೆಯೂ ಸೇರಿಯೇ ಬ್ರಿಟನ್ನಿನ 1887ರ ಮರ್ಚೆಂಡೈಸ್ ಮಾರ್ಕ್ಸ್ ಕಾಯ್ದೆ ಬಂತು. ಸುಳ್ಳು ಮುದ್ರೆಗೂ ಚರಿತ್ರೆಯಿದೆ. ಚಕ್ರದ ಕೆಳಗೆ ನಿಜವೂ ಸುಳ್ಳೂ ಒಟ್ಟಿಗೆ ಅಳಿಸಿಹೋಗುತ್ತವೆ. ಅಲಗಿನ ಮೇಲೆ ಚಿನ್ನದ ನೀರಿನಲ್ಲಿ ಬರೆದ ಅಕ್ಷರಗಳಿದ್ದರಂತೂ ಒಂದು ಸುತ್ತಿಗೇ ಮುಗಿಯಿತು.

‘ಸಿಲ್ವರ್ ಸ್ಟೀಲ್’ ಎಂದು ಕೊರೆದ ಶೆಫೀಲ್ಡ್ ಕತ್ತಿಗಳು ಆಗಾಗ ಸಿಗುತ್ತವೆ. ಆ ಎರಡು ಪದಗಳ ಹಿಂದೆ ಒಂದು ಕತೆಯಿದೆ, ಅದು ಸುತ್ತಿ ಬಳಸಿ ನಮ್ಮ ಅಂಗಳಕ್ಕೇ ಬರುತ್ತದೆ. ಹದಿನೆಂಟನೆಯ ಶತಮಾನದ ಕೊನೆಗೆ ಭಾರತದ ಮೂಸೆ ಉಕ್ಕಿನ ತುಂಡುಗಳು ಲಂಡನ್ನಿಗೆ ಹೋದವು. ಅಲ್ಲಿ ಅದನ್ನು ‘ವೂಟ್ಸ್’ ಎಂದು ಕರೆದರು. ನಮ್ಮ ‘ಉಕ್ಕು’ ಎಂಬ ಪದವೇ ಬರವಣಿಗೆಯಲ್ಲಿ ಕೆಟ್ಟು ಹಾಗಾಯಿತು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ವಿವರವಾಗಿ ದಾಖಲಿಸಿದ್ದಾನೆ. 1819ರಲ್ಲಿ ಮೈಕೆಲ್ ಫ್ಯಾರಡೆ, ಹೌದು, ವಿದ್ಯುತ್ತಿನ ಅದೇ ಫ್ಯಾರಡೆ, ವೂಟ್ಸಿನ ವಿಶ್ಲೇಷಣೆ ಪ್ರಕಟಿಸಿದ. ಆಮೇಲೆ ಜೇಮ್ಸ್ ಸ್ಟೋಡಾರ್ಟ್ ಎಂಬ ಲಂಡನ್ನಿನ ಚಾಕು ತಯಾರಕನ ಜೊತೆ ಸೇರಿ, ವೂಟ್ಸಿನಂಥ ಉಕ್ಕನ್ನು ತಾವೇ ಮಾಡಬಹುದೇ ಎಂದು ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದ. ಐನೂರು ಪಾಲಿಗೆ ಒಂದು ಪಾಲು ಬೆಳ್ಳಿ ಬೆರೆಸಿದ ಉಕ್ಕು ಚೆನ್ನಾಗಿದೆ ಎಂದು ಅವರು ಬರೆದದ್ದೇ ತಡ, ಶೆಫೀಲ್ಡಿನ ವ್ಯಾಪಾರಿಗಳಿಗೆ ‘ಸಿಲ್ವರ್ ಸ್ಟೀಲ್’ ಎಂಬ ಮಂತ್ರ ಸಿಕ್ಕಿತು. ಬೆಳ್ಳಿ ಬೆರೆಸದವರೂ ಹೆಸರು ಕೊರೆದರು. ಮಾಗಡಿ ಕಡೆಯ ಕುಲುಮೆಗಳ ನಾಡಿನ ಒಂದು ಪದ ಲಂಡನ್ನಿನ ಪ್ರಯೋಗಶಾಲೆ ಹೊಕ್ಕು, ಅಲ್ಲಿಂದ ಶೆಫೀಲ್ಡಿನ ಜಾಹೀರಾತಾಗಿ, ಮತ್ತೆ ಹಡಗು ಹತ್ತಿ ಇಲ್ಲಿನ ಸಂತೆಗೆ ಬಂದ ದಾರಿ ಅದು. ಅಲಗಿನ ಮೇಲೆ ಅದು ಒಂದು ಕೂದಲಿನಷ್ಟು ಆಳ ಕೊರೆದ ಎರಡು ಪದ. ಇದನ್ನು ‘ಕೊಳೆ’ ಎಂದು ಉಜ್ಜಿ ತೆಗೆದವನನ್ನು ನಾನು ಪುನರುಜ್ಜೀವಕ ಎಂದು ಕರೆಯಲಾರೆ.

ಹಳೆಯ ಅಲಗಿನ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳಿರುತ್ತವೆ. ಅವು ಸಾಣೆಕಲ್ಲಿನ ಚಕ್ರದ ಗುರುತು. ಶೆಫೀಲ್ಡಿನ ಸಾಣೆಗಾರರ ಪುಪ್ಪುಸದ ರೋಗ ಆ ಕಾಲದಲ್ಲೇ ಕುಖ್ಯಾತ. 1845ರಲ್ಲಿ ಎಂಗೆಲ್ಸ್ ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಗತಿಯ ಬಗ್ಗೆ ಬರೆಯುವಾಗ ಅಲ್ಲಿನ ವೈದ್ಯರೊಬ್ಬರ ವರದಿಯನ್ನು ಆಧರಿಸಿ ಹೇಳುತ್ತಾನೆ: ನೀರಿಲ್ಲದೆ ಒಣಸಾಣೆ ಹಿಡಿಯುವವರು ಸರಾಸರಿ 35 ವರ್ಷ ಬದುಕಿದರೆ ಹೆಚ್ಚು, ನೀರುಸಾಣೆಯವರು 45 ದಾಟುವುದು ಅಪರೂಪ. ಆ ಗೆರೆಗಳು ಯಾರದೋ ಉಸಿರಿನ ಲೆಕ್ಕ. ಇದಕ್ಕಿಂತ ಹೆಚ್ಚು ನಾನು ಹೇಳಬೇಕಿಲ್ಲ.

ಎದುರು ವಾದಗಳು ನನಗೆ ಗೊತ್ತಿವೆ. ‘ತುಕ್ಕು ಹಿಡಿದು ಮಣ್ಣಾಗುವ ಬದಲು ಹೊಳೆದು ಉಳಿಯಲಿ’ ಎನ್ನುತ್ತಾರೆ. ಇವೆರಡರ ನಡುವೆ ಮೂರನೆಯ ದಾರಿ ಇಲ್ಲವೇ? ಎಣ್ಣೆ ಸವರಿ ಒಂದು ರಾತ್ರಿ ಬಿಡಿ, ಅತಿ ನಯವಾದ ಉಕ್ಕಿನ ಉಣ್ಣೆಯಿಂದ ಕೈಯಲ್ಲೇ ಉಜ್ಜಿ, ಕೆಂಪು ಹೋದ ಕೂಡಲೇ ನಿಲ್ಲಿಸಿ. ನಿಲ್ಲಿಸುವುದು ಗೊತ್ತಿದ್ದರೆ ಅರ್ಧ ಕೆಲಸ ಕಲಿತಂತೆ. ಇನ್ನು ಕೆಲವರದು ಸ್ವಚ್ಛತೆಯ ವಾದ: ಗುಳಿಗಳಲ್ಲಿ ರೋಗಾಣು ಕೂರುತ್ತದಂತೆ. ಗುಳಿ ಚರ್ಮಕ್ಕೆ ತಾಗುವುದಿಲ್ಲ, ತಾಗುವುದು ಬಾಯಿ. ಅದನ್ನು ಮಸೆದಾಗ ಹೊಸ ಉಕ್ಕು ಹೊರಬಂದಿರುತ್ತದೆ, ಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿದರೆ ಸಾಕು. ಒಬ್ಬರ ಕತ್ತಿಯನ್ನು ಇನ್ನೊಬ್ಬರ ಮೇಲೆ ಬಳಸಬೇಡಿ, ಅದು ಬೇರೆ ಮಾತು. ‘ನನ್ನ ದುಡ್ಡು, ನನ್ನ ಕತ್ತಿ, ನಿನಗೇನು’ ಎನ್ನುವವರೂ ಇದ್ದಾರೆ. ಈ ವಾದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ, ಒಪ್ಪುತ್ತೇನೆ. ಆದರೆ ಮಾರುವಾಗ ‘ವಿಂಟೇಜ್’ ಎನ್ನಬೇಡಿ. ನೀವು ಮಾರುತ್ತಿರುವುದು ಕಳೆದ ವಾರ ತಯಾರಾದ ಮೇಲ್ಮೈ.

ಹಿಡಿಯ ವಿಷಯದಲ್ಲಿ ಮಾತ್ರ ನಾನು ಕಠಿಣ. ಸೆಲ್ಯುಲಾಯ್ಡ್ ಹಿಡಿಗಳಿವೆಯಲ್ಲ, ಆಮೆಚಿಪ್ಪಿನ ಹಾಗೆ, ದಂತದ ಹಾಗೆ ಕಾಣುವಂಥವು, ಅವನ್ನು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿದರೆ ದೇವರಮನೆಯ ವಾಸನೆ ಬರುತ್ತದೆ. ಸೆಲ್ಯುಲಾಯ್ಡನ್ನು ಮಾಡುವುದೇ ಕರ್ಪೂರ ಬೆರೆಸಿ. ಆ ವಾಸನೆ ಇರುವವರೆಗೆ ಭಯವಿಲ್ಲ. ಹುಳಿ ಘಾಟು ಬಂದು, ಹಿಡಿ ಮಬ್ಬಾಗಿ ಸಣ್ಣ ಸಣ್ಣ ಬಿರುಕು ಬಿಡುತ್ತಿದ್ದರೆ ಅದು ಕೊಳೆಯಲು ಶುರುವಾಗಿದೆ, ಆಮ್ಲದ ಆವಿ ಬಿಡುತ್ತಿದೆ. ಒಳಗೆ ಮಡಚಿದ ಅಲಗನ್ನು ತಿನ್ನುತ್ತದೆ, ಅದೇ ಪೆಟ್ಟಿಗೆಯಲ್ಲಿರುವ ಪಕ್ಕದ ಕತ್ತಿಗಳನ್ನೂ ಬಿಡುವುದಿಲ್ಲ. ಎಷ್ಟೇ ಚೆಂದವಿದ್ದರೂ ಅಂಥ ಹಿಡಿಯನ್ನು ಬಿಚ್ಚಿ ತೆಗೆಯಲೇಬೇಕು. ತಮಾಷೆ ನೋಡಿ, ಅಲಗನ್ನು ಬೋಳಿಸಿ ಬಿಳಿ ಮಾಡುವ ಇದೇ ಜನ ಕೊಳೆತ ಹಿಡಿಯನ್ನು ‘ಮೂಲದ್ದು’ ಎಂದು ಜೋಪಾನ ಮಾಡುತ್ತಾರೆ. ಉಳಿಸಬೇಕಾದ್ದನ್ನು ಅಳಿಸಿ, ತೆಗೆಯಬೇಕಾದ್ದನ್ನು ಉಳಿಸುವ ಈ ಬುದ್ಧಿಗೆ ಏನೆನ್ನಬೇಕು?

ಈಗ ಕೊಸರಾಗಿ ಬಂದ ಕತ್ತಿ. ಅಲಗು ಮೂಲದ ಅರ್ಧದಷ್ಟೂ ಉಳಿದಿಲ್ಲ. ಮುದ್ರೆಯಲ್ಲಿ ಓದಲು ಬರುವುದು ಎರಡೋ ಮೂರೋ ಅಕ್ಷರ. ಹಿಡಿಯ ಒಂದು ಹೋಳು ಕೊಂಬಿನದು, ಇನ್ನೊಂದು ಯಾವುದೋ ಮರದ್ದು, ಕೈಯಲ್ಲೇ ಕೆತ್ತಿದ್ದು. ಮೂಲದ ಹಿತ್ತಾಳೆಯ ಮೊಳೆ ಹೋಗಿ ಆ ಜಾಗದಲ್ಲಿ ತಾಮ್ರದ ತಂತಿ ಹೊಸೆದು ತಟ್ಟಿದ್ದಾರೆ. ಯಾವ ಪಟ್ಟಿಯ ಪ್ರಕಾರ ನೋಡಿದರೂ ಇದರ ಬೆಲೆ ಸೊನ್ನೆ. ‘ಸವೆತ’ ಎಂಬುದು ಸಂಗ್ರಾಹಕರ ಭಾಷೆಯಲ್ಲಿ ಬೈಗುಳ.

ಇದನ್ನು ಮೈಸೂರಿನಲ್ಲಿ ಒಬ್ಬ ಹಿರಿಯ ಕ್ಷೌರಿಕರಿಗೆ ತೋರಿಸಿದೆ. ಎಪ್ಪತ್ತು ದಾಟಿದವರು. ಕನ್ನಡಕ ಹಾಕಿಕೊಳ್ಳಲಿಲ್ಲ, ಹೆಬ್ಬೆರಳನ್ನು ಬಾಯಿಗೆ ಅಡ್ಡವಾಗಿ ಮೆಲ್ಲಗೆ ಆಡಿಸಿದರು.

‘ಇದನ್ನ ಮಸ್ದೋನ ಕಲ್ಲು ನಡುವೆ ತಗ್ಗು ಬಿದ್ದಿತ್ತು ಸಾರ್,’ ಅಂದರು.

‘ಅದು ಹೆಂಗೆ ಗೊತ್ತಾಯ್ತು ಯಜಮಾನ್ರೇ?’

‘ಎರಡೂ ಕೊನೆ ಜಾಸ್ತಿ ಸವ್ದು ನಡು ಉಬ್ಕೊಂಡದೆ ನೋಡಿ. ಕಲ್ಲಿನ ಅಂಚು ಮಾತ್ರ ತಾಗಿರೋದು. ಹೊಸಾ ಕಲ್ಲು ತಗಳಕ್ಕೆ ಕಾಸಿರ್ಲಿಲ್ಲ ಅಂತ ಕಾಣ್ತದೆ.’

ಕತ್ತಿಯನ್ನು ನೋಡಿ ಕಲ್ಲನ್ನು ಹೇಳಿದರು, ಕಲ್ಲನ್ನು ಹೇಳಿ ಮನೆಯ ಸ್ಥಿತಿಯನ್ನು ಹೇಳಿದರು. ನನ್ನ ಭೂತಗನ್ನಡಿಗೆ ಇದು ಕಂಡಿರಲಿಲ್ಲ, ಬೆಲೆಪಟ್ಟಿ ಬರೆಯುವ ಯಾರಿಗೂ ಕಾಣುವುದಿಲ್ಲ. ಆ ಉಬ್ಬನ್ನು ಯಂತ್ರಕ್ಕೆ ಕೊಟ್ಟು ನೇರ ಮಾಡಿಸಿದ್ದರೆ ಆ ಒಂದು ವಾಕ್ಯ ಹುಟ್ಟುತ್ತಿರಲಿಲ್ಲ.

ಇಲ್ಲಿ ಭಾವುಕರಾಗಿ ‘ಆಹಾ, ಹಿಂದಿನ ಕಾಲ’ ಎನ್ನುವವರಿಗೂ ಒಂದು ಮಾತು. ಹಳ್ಳಿಯ ಕ್ಷೌರಿಕ ಆಯಗಾರನಾಗಿ, ವರ್ಷಕ್ಕೊಮ್ಮೆ ಕಣದಲ್ಲಿ ಸಿಗುವ ಧಾನ್ಯಕ್ಕಾಗಿ ಊರಿನ ಜಗಲಿಗಳ ಕೆಳಗೆ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡಿದವನು. ಬೆಳಿಗ್ಗೆ ಅವನ ಮುಖ ನೋಡುವುದು ಅಪಶಕುನ ಎಂದವರು, ಮದುವೆಗೆ ಅವನಿಲ್ಲದೆ ಆಗುವುದಿಲ್ಲ ಎಂದವರು ಒಂದೇ ಜನ. ಅದೇ ಕತ್ತಿ ಎಷ್ಟೋ ಊರುಗಳಲ್ಲಿ ದಲಿತರ ಕೆನ್ನೆಗೆ ತಾಗಲಿಲ್ಲ, ತಾಗಲು ಊರು ಬಿಡಲಿಲ್ಲ. ಇವತ್ತಿಗೂ ಅಂಥ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಸವೆತದಲ್ಲಿ ಇದೆಲ್ಲ ಇದೆ. ನಾನು ಕೇಳುತ್ತಿರುವುದು ಪೂಜೆಯನ್ನಲ್ಲ. ಹೊಳಪು ಬರಿಸಿ ಹೂಗುಚ್ಛದ ಪಕ್ಕ ಫೋಟೋ ತೆಗೆದಾಗ, ಕತ್ತಿಯ ಜೊತೆ ಇದೂ ತೊಳೆದುಹೋಗುತ್ತದೆ ಎನ್ನುತ್ತಿದ್ದೇನೆ.

ನಿಮ್ಮ ತಂದೆಯವರ ಕತ್ತಿ ಇದೆಯೇ ಎಂದು ಆ ಹಿರಿಯರನ್ನು ಕೇಳಿದೆ. ನಕ್ಕರು. ‘ಸ್ಟೀಲ್ ಪಾತ್ರೆಯೋನಿಗೆ ಹಾಕ್ದೆ ಸಾರ್, ಒಂದು ಡಬರಿ ಬಂತು. ಮಗ ಆ ಹಡಪ ಹೊರಬಾರ್ದು ಅಂತಾನೇ ಓದಿಸ್ದೆ, ಕತ್ತಿ ಇಟ್ಕೊಂಡು ಏನ್ಮಾಡ್ಲಿ?’ ಈ ಉತ್ತರದ ಎದುರು ಯಾವ ಸಂಗ್ರಾಹಕನಿಗೂ ವಾದವಿಲ್ಲ, ನನಗೂ ಇಲ್ಲ. ಕತ್ತಿಯನ್ನು ಎಸೆಯುವ ಹಕ್ಕು ಅದನ್ನು ಹೊತ್ತವರಿಗೆ ಇದೆ. ಹೊರದೇ ಕೊಂಡುಕೊಂಡ ನಮಗೆ ಅದರ ಗುರುತುಗಳನ್ನು ಅಳಿಸುವ ಹಕ್ಕು ಎಲ್ಲಿಂದ ಬಂತು ಎಂಬುದಷ್ಟೇ ನನ್ನ ತಕರಾರು.

ಆ ಸವೆದ ಕತ್ತಿಯನ್ನು ಇನ್ನು ಕಲ್ಲಿನ ಮೇಲೆ ಎಳೆಯುವಂತಿಲ್ಲ, ಎಳೆಯಲು ಉಕ್ಕು ಉಳಿದಿಲ್ಲ. ಬಾಲದ ಹತ್ತಿರ ಸ್ವಲ್ಪ ಕೆಂಪು ತುಕ್ಕಿತ್ತು, ತೆಗೆದೆ. ಕಪ್ಪನ್ನು ಹಾಗೇ ಬಿಟ್ಟೆ. ತಾಮ್ರದ ತಂತಿಯನ್ನು ಮುಟ್ಟಲಿಲ್ಲ. ತೆಳುವಾಗಿ ಎಣ್ಣೆ ಸವರಿ, ಒಂದು ಚೀಟಿ ಕಟ್ಟಿದ್ದೇನೆ: ಎಲ್ಲಿ ಸಿಕ್ಕಿತು, ಯಾವಾಗ, ನಾನು ಏನು ಮಾಡಿದೆ, ಏನು ಮಾಡಲಿಲ್ಲ. ‘ಕಲ್ಲು ನಡುವೆ ತಗ್ಗು’ ಎಂದೂ ಬರೆದಿದ್ದೇನೆ. ಎರಡು ಸಾವಿರದ ಕನ್ನಡಿ ಮೇಜಿನ ಡ್ರಾಯರಿನಲ್ಲಿದೆ, ಕಾಗದ ಕತ್ತರಿಸಲು. ಅದಕ್ಕೂ ಆಗಾಗ ಮಸೆಯಬೇಕಾಗುತ್ತದೆ.